ಜ್ಯೂಸರ್ ತರುವ ಮೊದಲು, ತೊಳೆಯುವವರು ಯಾರು ಅಂತ ತೀರ್ಮಾನಿಸಿ

ಶಿವರಾತ್ರಿ ಕಳೆದು ಸೆಕೆ ಶುರುವಾಯಿತೆಂದರೆ ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧ ಜ್ಯೂಸಿನವೇ. ಆಹಾರ ವಿಜ್ಞಾನ ಪಾಠ ಮಾಡಿಕೊಂಡು ಬಂದವಳು ನಾನು, ಯಂತ್ರ ಮಾರುವವಳಲ್ಲ. ಹಾಗಾಗಿ ಕೆಲವು ಉತ್ತರ ಅಂಗಡಿಯವರಿಗೆ ರುಚಿಸದೇ ಇರಬಹುದು.

ಪ್ರಶ್ನೆ: ಮನೆಯಲ್ಲಿ ನಾಲ್ಕು ಜನ. ಅತ್ತೆಯವರಿಗೆ ದಿನಾ ಬೆಳಿಗ್ಗೆ ಒಂದು ಲೋಟ ಜ್ಯೂಸ್ ಬೇಕು. ಮಿಕ್ಸಿಯಲ್ಲಿ ಮಾಡಿದರೆ ಸತ್ವವೆಲ್ಲ ಬಿಸಿಗೆ ಸುಟ್ಟುಹೋಗುತ್ತೆ ಅಂತ ನಮ್ಮ ಯಜಮಾನರು ಹನ್ನೆರಡು ಸಾವಿರದ ಕೋಲ್ಡ್ ಪ್ರೆಸ್ ಜ್ಯೂಸರ್ ನೋಡಿಟ್ಟಿದ್ದಾರೆ. ತಗೊಳ್ಳಬಹುದಾ? ಎಷ್ಟು ವ್ಯಾಟ್‌ದು ಒಳ್ಳೇದು? (ದಾವಣಗೆರೆಯ ಓದುಗರು)

ಉತ್ತರ: ಮೊದಲು ಆ ಸುಟ್ಟುಹೋಗುವ ಮಾತು. ಮಿಕ್ಸಿಯ ಬ್ಲೇಡು ನಿಮಿಷಕ್ಕೆ ಹದಿನೆಂಟು ಇಪ್ಪತ್ತು ಸಾವಿರ ಸುತ್ತು ಹೊಡೆಯುತ್ತದೆ, ನಿಜ. ಆದರೆ ಒಂದು ನಿಮಿಷ ತಿರುವಿದ ಜಾರಿಗೆ ಕೈಯಿಟ್ಟು ನೋಡಿ, ರಸ ಬೆಚ್ಚಗೂ ಆಗಿರುವುದಿಲ್ಲ. ಅಷ್ಟಕ್ಕೆಲ್ಲ ವಿಟಮಿನ್ ಸಿ ಓಡಿಹೋಗುವುದಿಲ್ಲ. ಮಿಕ್ಸಿಯ ನಿಜವಾದ ದೋಷ ಬೇರೆ. ಅದು ರಸದೊಳಗೆ ಗಾಳಿ ಕಡೆಯುತ್ತದೆ, ನೊರೆ ಬರುತ್ತದೆ, ಬಣ್ಣ ಬೇಗ ಕಂದುತ್ತದೆ. ಮಾಡಿದ ಕೂಡಲೇ ಕುಡಿಯುವ ಅತ್ತೆಯವರಿಗೆ ಇದರಿಂದ ನಷ್ಟವೇನೂ ಇಲ್ಲ.

ಇನ್ನು ಕೋಲ್ಡ್ ಪ್ರೆಸ್. ಹೆಸರು ಕೇಳಿದರೆ ತಂಪು ಮಾಡುವ ಯಂತ್ರವೇನೋ ಅನ್ನಿಸುತ್ತೆ, ಅಂಥದ್ದೇನಿಲ್ಲ. ಒಳಗೊಂದು ದಪ್ಪ ಸ್ಕ್ರೂ ಇರುತ್ತದೆ. ನಿಮಿಷಕ್ಕೆ ನಲವತ್ತರಿಂದ ಎಂಬತ್ತು ಸುತ್ತು ನಿಧಾನಕ್ಕೆ ತಿರುಗುತ್ತಾ ಹಣ್ಣನ್ನು ಜಾಲರಿಗೆ ಒತ್ತಿ ಹಿಂಡುತ್ತದೆ. ಹಳೇ ಗಾಣದ ತಮ್ಮ ಅಂದುಕೊಳ್ಳಿ. ಹೀಗಾಗಿ ಇದರಲ್ಲಿ ವ್ಯಾಟ್ ನೋಡಿ ಕೊಳ್ಳುವುದು ತಪ್ಪು ಲೆಕ್ಕ. ಗೇರ್ ಇರುವುದರಿಂದ 150ರಿಂದ 250 ವ್ಯಾಟ್ ಧಾರಾಳ ಸಾಕು. ಅಂಗಡಿಯವರು ಹೆಚ್ಚು ವ್ಯಾಟನ್ನೇ ಹೆಗ್ಗಳಿಕೆ ಮಾಡಿ ಹೇಳಿದರೆ ಮಿಕ್ಸಿಯ ಮಾತನ್ನು ಇದಕ್ಕೂ ಒಪ್ಪಿಸುತ್ತಿದ್ದಾರೆ ಅಂತ ತಿಳಿಯಿರಿ.

ಕೊಳ್ಳಬೇಕೋ ಬೇಡವೋ ಅನ್ನುವುದನ್ನು ನಿಮ್ಮ ಮನೆಗೆ ಬರುವ ತರಕಾರಿ ಚೀಲ ತೀರ್ಮಾನಿಸಲಿ. ಕ್ಯಾರೆಟ್, ಬೀಟ್‌ರೂಟ್, ಬೂದುಗುಂಬಳ, ಶುಂಠಿ, ಬೀಜ ತೆಗೆದ ನೆಲ್ಲಿಕಾಯಿ, ಸೊಪ್ಪು, ದಾಳಿಂಬೆ ಇವೆಲ್ಲ ಕೋಲ್ಡ್ ಪ್ರೆಸ್‌ಗೆ ಹೇಳಿ ಮಾಡಿಸಿದವು. ದಾಳಿಂಬೆಯನ್ನು ಮಿಕ್ಸಿಗೆ ಹಾಕಿದರೆ ಬೀಜ ನುರಿದು ರಸ ಒಗರಾಗುತ್ತದೆ, ಸ್ಕ್ರೂ ಅದನ್ನು ಹಾಗೆ ಪುಡಿ ಮಾಡುವುದಿಲ್ಲ. ಅದೇ ಮಾವು, ಸಪೋಟ, ಬಾಳೆ, ಪಪ್ಪಾಯಿಗೆ ಈ ಯಂತ್ರ ದಂಡ. ಅವು ಹಿಂಡುವ ಹಣ್ಣಲ್ಲ, ತಿರುಳಿನ ಹಣ್ಣು. ಜಾಲರಿ ಕಟ್ಟಿಕೊಂಡು ಕೂರುತ್ತದೆ. ಕಲ್ಲಂಗಡಿಗಂತೂ ಯಾವ ಯಂತ್ರವೂ ಬೇಡ, ಕೈಯಲ್ಲಿ ಕಿವುಚಿ ಸೋಸಿದರೆ ಮುಗಿಯಿತು. ಮೊಸಂಬಿ, ಕಿತ್ತಳೆ ಮಾತ್ರ ಕುಡಿಯುವ ಮನೆಯಾದರೆ ಕೈಯಲ್ಲಿ ಒತ್ತುವ ಪ್ರೆಸ್ಸೋ ಮೇಲೆ ಗೋಪುರದಂತಿರುವ ಸಣ್ಣ ಸಿಟ್ರಸ್ ಜ್ಯೂಸರ್ರೋ ಸಾಕು. ಅಲ್ಯೂಮಿನಿಯಂ ಪ್ರೆಸ್ ಆದರೆ ಹಿಂಡಿದ ರಸವನ್ನು ಅದರಲ್ಲೇ ಬಿಡಬೇಡಿ, ಹುಳಿ ಲೋಹವನ್ನು ತಿನ್ನುತ್ತದೆ.

ಈಗ ತೊಳೆಯುವ ವಿಷಯ, ಯಾವ ಜಾಹೀರಾತಿನಲ್ಲೂ ಕಾಣದ್ದು. ಕೋಲ್ಡ್ ಪ್ರೆಸ್‌ನಲ್ಲಿ ಬಟ್ಟಲು, ಜಾಲರಿ, ಸ್ಕ್ರೂ, ಒರೆಸುವ ಬ್ರಷ್ಷು, ಮುಚ್ಚಳ, ರಬ್ಬರ್ ಅಂತ ಐದಾರು ಭಾಗ. ಜಾಲರಿಯ ತೂತು ಸೂಜಿಮೊನೆಯಷ್ಟು. ಕ್ಯಾರೆಟ್ ನಾರು ಅದರೊಳಗೆ ಹೊಕ್ಕು ಹದಿನೈದು ನಿಮಿಷ ಒಣಗಿತೋ, ಆಮೇಲೆ ಬ್ರಷ್ ಹಿಡಿದು ಬೆಳಕಿಗೆ ಎತ್ತಿ ಎತ್ತಿ ನೋಡಿ ಉಜ್ಜಬೇಕು. ಬಟ್ಟಲಿನ ತಳದಲ್ಲಿ ಹಿಪ್ಪೆ ಹೊರಬರುವ ಕಿಂಡಿಗೆ ಒಂದು ರಬ್ಬರ್ ಬಿರಡೆ ಇರುತ್ತದೆ. ಹೊರಗಿನಿಂದ ಥಳಥಳ ಅನ್ನುವ ಯಂತ್ರದಲ್ಲೂ ಅದನ್ನು ಬಿಚ್ಚಿ ನೋಡಿ, ಕಪ್ಪು ಬೂಷ್ಟು ಅಲ್ಲೇ ಕೂತಿರುತ್ತದೆ. ರಸ ತೆಗೆಯಲು ಐದು ನಿಮಿಷ, ತೊಳೆಯಲು ಇನ್ನೈದಾರು. ಬೆಳಿಗ್ಗೆ ಟಿಫಿನ್ ಡಬ್ಬಿ ಕಟ್ಟುವ ಹೊತ್ತಿನಲ್ಲಿ ಆ ಐದಾರು ನಿಮಿಷ ಯಾರದು? ಯಂತ್ರ ನೋಡಿಟ್ಟಿರುವ ಯಜಮಾನರದ್ದು ಅಂತಾದರೆ ಕಣ್ಣು ಮುಚ್ಚಿ ತಗೊಳ್ಳಿ.

ನನ್ನದೇ ಕತೆ ಹೇಳುತ್ತೇನೆ. ವರ್ಷಗಳ ಹಿಂದೆ ಅತಿವೇಗದಲ್ಲಿ ತಿರುಗಿ ರಸ ಬೇರ್ಪಡಿಸುವ ದೊಡ್ಡ ಜ್ಯೂಸರ್ ಒಂದನ್ನು ಆಸೆಪಟ್ಟು ತಂದೆ. ಅದು ಶುರುವಾದರೆ ಪಕ್ಕದ ಮನೆಯ ನಾಯಿ ಬೊಗಳುತ್ತಿತ್ತು. ಹಿಪ್ಪೆ ಹಿಂಡಿದರೆ ಇನ್ನೂ ಅರ್ಧ ಲೋಟ ರಸ ಸುರಿಯುತ್ತಿತ್ತು. ಮೂರು ತಿಂಗಳಿಗೆ ಅಟ್ಟ ಸೇರಿದ್ದು ಇವತ್ತಿಗೂ ಅಲ್ಲೇ ಇದೆ. ನನಗೆ ಸಮಾಧಾನ ಅಂದರೆ ನನಗಿಂತ ದೊಡ್ಡವರೂ ಎಡವಿದ್ದಾರೆ. ಅಮೆರಿಕದ ಜ್ಯೂಸೆರೋ ಅನ್ನುವ ಕಂಪನಿ 2016ರಲ್ಲಿ 699 ಡಾಲರಿಗೆ ಒಂದು ಯಂತ್ರ ಬಿಟ್ಟಿತು. ಹೆಚ್ಚಿದ ಹಣ್ಣಿನ ಪೊಟ್ಟಣ ಅದರೊಳಗಿಟ್ಟರೆ ಒತ್ತಿ ರಸ ತೆಗೆಯುವುದು ಅದರ ಕೆಲಸ. ಮರುವರ್ಷ ಪತ್ರಕರ್ತರು ಆ ಪೊಟ್ಟಣವನ್ನು ಬರಿಗೈಯಲ್ಲಿ ಹಿಂಡಿ ಹೆಚ್ಚುಕಮ್ಮಿ ಅಷ್ಟೇ ರಸ ತೆಗೆದು ತೋರಿಸಿದರು. ಕಂಪನಿ ಅದೇ ವರ್ಷ ಬಾಗಿಲು ಹಾಕಿತು.

ತಗೊಳ್ಳುವುದೇ ಆದರೆ ಮೋಟರಿಗೆ ಹತ್ತು ವರ್ಷ ಗ್ಯಾರಂಟಿ ಅನ್ನುವ ದೊಡ್ಡಕ್ಷರ ನೋಡಿ ಮರುಳಾಗಬೇಡಿ. ಹಾಳಾಗುವುದು ಮೋಟರಲ್ಲ; ಜಾಲರಿ ಸೀಳುತ್ತದೆ, ಸ್ಕ್ರೂ ಸವೆಯುತ್ತದೆ, ರಬ್ಬರ್ ಸಡಿಲಾಗುತ್ತದೆ. ಈ ಮೂರೂ ನಿಮ್ಮೂರಲ್ಲಿ ಬಿಡಿಯಾಗಿ ಸಿಗುತ್ತವಾ, ಎಷ್ಟಕ್ಕೆ ಅಂತ ಕೇಳಿಕೊಂಡು ಆಮೇಲೆ ದುಡ್ಡು ಕೊಡಿ. ಅರ್ಧ ಕೆಜಿ ಕ್ಯಾರೆಟ್‌ಗೆ ಸುಮಾರು ಒಂದು ಲೋಟ ರಸ ಬರುತ್ತದೆ. ನಾಲ್ಕು ಜನಕ್ಕೆ ದಿನಾ ಎಷ್ಟಾಯಿತು ಅಂತ ತಿಂಗಳ ಲೆಕ್ಕವನ್ನೂ ಹಾಕಿ.

ಪ್ರಶ್ನೆ: ಮೊಸಂಬಿ ಜ್ಯೂಸ್ ಮಾಡಿದಾಗ ಚೆನ್ನಾಗಿರುತ್ತೆ, ಅರ್ಧ ಗಂಟೆ ಬಿಟ್ಟು ಕುಡಿದರೆ ಕಹಿ. ಅಂಗಡಿಯವರದ್ದು ಯಾಕೆ ಕಹಿಯಾಗಲ್ಲ? (ಶಿವಮೊಗ್ಗ)

ಉತ್ತರ: ಅಂಗಡಿಯಲ್ಲಿ ನೀವು ಅರ್ಧ ಗಂಟೆ ಕಾಯುವುದಿಲ್ಲವಲ್ಲ! ನಗೆಯಾಡಿದೆ, ಆದರೆ ಕಾರಣದ ಅರ್ಧ ಪಾಲು ಅದೇ. ಮೊಸಂಬಿಯ ಬೀಜದಲ್ಲಿ, ತೊಳೆಗೆ ಅಂಟಿಕೊಂಡ ಬಿಳಿ ಪೊರೆಯಲ್ಲಿ ಒಂದು ವಸ್ತುವಿದೆ. ಇದ್ದಲ್ಲೇ ಇದ್ದರೆ ಅದಕ್ಕೆ ರುಚಿಯೇ ಇಲ್ಲ. ಮಿಕ್ಸಿಯಲ್ಲಿ ನುರಿದು ಹುಳಿ ರಸದೊಂದಿಗೆ ಬೆರೆಯಿತೆಂದರೆ ನಿಧಾನಕ್ಕೆ ಲಿಮೋನಿನ್ ಆಗಿ ಮಾರ್ಪಡುತ್ತದೆ, ಆ ಲಿಮೋನಿನ್ ಕಡುಕಹಿ. ಅದಕ್ಕೇ ಮೊದಲ ಗುಟುಕು ಸಿಹಿ, ಆಮೇಲಿನದು ಕಹಿ.

ಹೀಗೆ ಮಾಡಿ. ಹಣ್ಣಿನ ತಲೆ, ಬುಡ ಕತ್ತರಿಸಿ ನಿಲ್ಲಿಸಿಕೊಳ್ಳಿ. ಚಾಕುವನ್ನು ಮೇಲಿಂದ ಕೆಳಕ್ಕೆ ಎಳೆದು ಹಸಿರು ಸಿಪ್ಪೆಯ ಜೊತೆ ಬಿಳಿಯದ್ದೂ ಬರುವಂತೆ ಹೆರೆಯಿರಿ. ಅಡ್ಡಕ್ಕೆ ಎರಡು ಹೋಳು ಮಾಡಿದರೆ ಬೀಜಗಳು ಎದುರಿಗೇ ಕಾಣುತ್ತವೆ, ಚಾಕುವಿನ ತುದಿಯಲ್ಲಿ ಎಬ್ಬಿಸಿ ತೆಗೆಯಿರಿ. ಮಿಕ್ಸಿಯ ಗುಂಡಿಯನ್ನು ಬಲಕ್ಕೆ ತಿರುಗಿಸಿ ಓಡಲು ಬಿಡಬೇಡಿ. ಪಲ್ಸ್ ಕಡೆಗೆ ಮೂರು ನಾಲ್ಕು ಸಲ ಟರ್ ಟರ್ ಅನ್ನಿಸಿದರೆ ಸಾಕು. ಸೋಸುವಾಗ ಚಮಚದಿಂದ ಹಿಪ್ಪೆಯನ್ನು ಒತ್ತಿ ಒತ್ತಿ ಕೊನೇ ಹನಿ ತೆಗೆಯುವ ಜಿಪುಣತನ ಬೇಡ, ಕಹಿ ಇರುವುದು ಆ ಕೊನೇ ಹನಿಯಲ್ಲೇ. ಚಿಟಿಕೆ ಉಪ್ಪು ಹಾಕಿ. ಉಪ್ಪು ನಾಲಿಗೆಗೆ ಕಹಿ ಗೊತ್ತಾಗದಂತೆ ತಡೆಯುತ್ತದೆ. ಜ್ಯೂಸಿನ ಗಾಡಿಯವನು ಕೇಳದೆಯೇ ಉಪ್ಪು ಉದುರಿಸುವುದು ಸುಮ್ಮನೆ ಅಲ್ಲ.

ಪ್ರಶ್ನೆ: ಕೊಲೆಸ್ಟ್ರಾಲ್‌ಗೆ ಅಂತ ತಂದೆಯವರು ದಿನಾ ಬೆಳಿಗ್ಗೆ ಹಸಿ ಸೋರೆಕಾಯಿ ರಸ ಕುಡಿಯುತ್ತಾರೆ. ಮೊನ್ನೆ ಕಹಿ ಇತ್ತಂತೆ, 'ಕಹಿಯಾದಷ್ಟೂ ಔಷಧ' ಅಂತ ಪೂರ್ತಿ ಕುಡಿದುಬಿಟ್ಟರು. (ಕಲಬುರಗಿ)

ಉತ್ತರ: ದಯವಿಟ್ಟು ಇವತ್ತೇ ಅವರಿಗೆ ಇದನ್ನು ಓದಿ ಹೇಳಿ. ಹಾಗಲಕಾಯಿ ಕಹಿ ಬೇರೆ, ಸೋರೆಕಾಯಿ ಕಹಿ ಬೇರೆ. ಸೋರೆಕಾಯಿ ಕಹಿಯಾಗಿದೆ ಅಂದರೆ ಅದರಲ್ಲಿ ಕುಕುರ್ಬಿಟಾಸಿನ್ ಅನ್ನುವ ವಿಷ ಏರಿದೆ ಅಂತ ಅರ್ಥ. ವಾಂತಿ, ಭೇದಿ, ರಕ್ತವಾಂತಿ, ರಕ್ತದೊತ್ತಡ ಕುಸಿತ ಎಲ್ಲಾ ಆಗುತ್ತದೆ. ಇದಕ್ಕೆ ಪ್ರತಿವಿಷ ಇಲ್ಲ. ನಮ್ಮ ದೇಶದಲ್ಲಿ ಸಾವುಗಳಾದ ಮೇಲೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ತಜ್ಞರ ತಂಡ ಇದನ್ನು ಪರಿಶೀಲಿಸಿತು, 2012ರಲ್ಲಿ ಅದರ ವರದಿ ಪ್ರಕಟವಾಯಿತು. ಕುದಿಸಿದರೂ ಈ ವಿಷ ಹೋಗುವುದಿಲ್ಲ. ರಸ ತೆಗೆಯುವ ಮೊದಲು ತುದಿಯಿಂದ ಸಣ್ಣ ಚೂರು ಕತ್ತರಿಸಿ ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿ ಅನ್ನಿಸಿದರೆ ಉಗುಳಿ, ಇಡೀ ಕಾಯಿ ಬಿಸಾಡಿ. ಬೇರೆ ರಸ ಬೆರೆಸಿ ಕುಡಿಯುವುದೂ ಬೇಡ, ಕಹಿ ಮುಚ್ಚಿಹೋಗಿ ಗೊತ್ತೇ ಆಗುವುದಿಲ್ಲ. ಕುಡಿದ ಮೇಲೆ ಹೊಟ್ಟೆ ತೊಳಸಿದರೆ ಮನೆಮದ್ದು ಮಾಡುತ್ತಾ ಕೂರದೆ ಆಸ್ಪತ್ರೆಗೆ ಹೋಗಬೇಕು.

ಕರಾವಳಿಯ ಓದುಗರಿಗೆ ಇದರ ಜೊತೆಗೇ ಒಂದು ಮಾತು. ಕೊಲೆಸ್ಟ್ರಾಲ್ ಇಳಿಯುತ್ತದೆಂದು ಬಿಂಬುಳಿ ರಸ ಲೋಟಗಟ್ಟಲೆ ಕುಡಿದು ಕಿಡ್ನಿ ಕೆಟ್ಟವರ ಪ್ರಕರಣಗಳು ಕೇರಳದಲ್ಲಿ ದಾಖಲಾಗಿವೆ. ಅದರಲ್ಲಿ ಕಿಡ್ನಿಯೊಳಗೆ ಹರಳುಗಟ್ಟುವ ಆಕ್ಸಲೇಟ್ ಅನ್ನುವ ವಸ್ತು ವಿಪರೀತ. ಸಾರಿಗೆ, ಉಪ್ಪಿನಕಾಯಿಗೆ ನಾಲ್ಕು ಬಿಂಬುಳಿ ಹಾಕುವುದಕ್ಕೂ ಖಾಲಿ ಹೊಟ್ಟೆಗೆ ಒಂದು ಲೋಟ ಇಳಿಸುವುದಕ್ಕೂ ಅಜಗಜಾಂತರ. ಕಿಡ್ನಿ ತೊಂದರೆ ಇರುವವರು ಕಮರಾಕ್ಷಿ (ಸ್ಟಾರ್ ಫ್ರೂಟ್) ಹಣ್ಣಿನ ರಸವನ್ನಂತೂ ಮುಟ್ಟಲೇಬಾರದು. ಕಾಯಿಲೆಗೆ ಮಾತ್ರೆ ನುಂಗುತ್ತಿರುವವರು ಚಕ್ಕೋತದ ರಸ ಶುರು ಮಾಡುವ ಮೊದಲು ವೈದ್ಯರನ್ನು ಕೇಳಿ. ಆ ಜಾತಿಯ ಹಣ್ಣುಗಳು ಕೆಲವು ಮಾತ್ರೆಗಳು ರಕ್ತದಲ್ಲಿ ಹೆಚ್ಚು ಉಳಿಯುವಂತೆ ಮಾಡುತ್ತವೆ.

ಪ್ರಶ್ನೆ: ಸಕ್ಕರೆ ಹಾಕದ ಮನೆ ಜ್ಯೂಸ್ ಶುಗರ್ ಇರುವವರು ಕುಡಿಯಬಹುದಲ್ಲವೇ? (ತುಮಕೂರು)

ಉತ್ತರ: ನೀವು ಹಾಕದಿದ್ದರೂ ಹಣ್ಣೇ ಹಾಕಿಕೊಂಡು ಬಂದಿರುತ್ತದೆ. 200 ಮಿಲಿ ಕಿತ್ತಳೆ ರಸದಲ್ಲಿ ಸುಮಾರು 16 ಗ್ರಾಂ ಸಕ್ಕರೆ, ಅಂದರೆ ನಾಲ್ಕು ಟೀ ಚಮಚ. ದ್ರಾಕ್ಷಿಯದಾದರೆ ಏಳು ದಾಟುತ್ತದೆ. ಹಣ್ಣಾಗಿ ತಿಂದಿದ್ದರೆ ನಾರಿನ ಜೊತೆ ಅದು ನಿಧಾನಕ್ಕೆ ರಕ್ತ ಸೇರುತ್ತಿತ್ತು. ಮೂರು ಕಿತ್ತಳೆ ಸುಲಿದು ತಿನ್ನಲು ಕಾಲು ಗಂಟೆ ಬೇಕು, ಕುಡಿಯಲು ಅರ್ಧ ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ 2015ರ ಮಾರ್ಗಸೂಚಿಯಲ್ಲಿ ಹಣ್ಣಿನ ರಸದ ಸಕ್ಕರೆಯನ್ನೂ ಮೇಲಿಂದ ಹಾಕಿದ ಸಕ್ಕರೆಯ ಸಾಲಿಗೇ ಸೇರಿಸಿದೆ. ಇಡೀ ಹಣ್ಣನ್ನು ನಿಮ್ಮ ವೈದ್ಯರು ಹೇಳಿದ ಅಳತೆಯಲ್ಲಿ ತಿನ್ನಿ. ಕುಡಿಯಲೇಬೇಕು ಅನ್ನಿಸಿದರೆ ಸಕ್ಕರೆಯಿಲ್ಲದ ನಿಂಬೆಹಣ್ಣಿನ ಪಾನಕ ಇದೆ, ನೀರು ಮಜ್ಜಿಗೆ ಇದೆ, ಬೆಲ್ಲ ಹಾಕದ ಪುನರ್ಪುಳಿ ನೀರಿದೆ. ಡಬ್ಬಿಯ ಜ್ಯೂಸ್ ವಿಷಯ ಕೇಳಲೇಬೇಡಿ. ಸಾಂದ್ರೀಕರಿಸಿದ ರಸಕ್ಕೆ ನೀರು ಬೆರೆಸಿ 'ನೂರಕ್ಕೆ ನೂರು ಹಣ್ಣಿನ ರಸ' ಅಂತ ಬರೆಯುವುದನ್ನು ತೆಗೆಯಿರಿ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2024ರ ಜೂನ್‌ನಲ್ಲಿ ಕಂಪನಿಗಳಿಗೆ ಹೇಳಬೇಕಾಯಿತು.

ಪ್ರಶ್ನೆ: ರಾತ್ರಿಯೇ ಜ್ಯೂಸ್ ಮಾಡಿಟ್ಟು ಬೆಳಿಗ್ಗೆ ಆಫೀಸಿಗೆ ಒಯ್ಯಬಹುದೇ? ಕೋಲ್ಡ್ ಪ್ರೆಸ್ ಬಾಟಲಿ ವಾರಗಟ್ಟಲೆ ಇರುತ್ತಲ್ಲ? (ಬೆಂಗಳೂರು)

ಉತ್ತರ: ಅಂಗಡಿಯ ಬಾಟಲಿ ವಾರಗಟ್ಟಲೆ ಬಾಳುವುದು ಹಿಂಡಿದ ರೀತಿಯಿಂದಲ್ಲ. ಅಂಥವನ್ನು ಸಾಮಾನ್ಯವಾಗಿ ಮುಚ್ಚಳ ಹಾಕಿದ ಮೇಲೆ ವಾತಾವರಣದ ಸಾವಿರಾರು ಪಟ್ಟು ಒತ್ತಡಕ್ಕೆ ಒಡ್ಡಿ ಸೂಕ್ಷ್ಮಾಣು ಕೊಂದಿರುತ್ತಾರೆ. ನಿಮ್ಮ ಅಡುಗೆಮನೆಯಲ್ಲಿ ಅದು ಆಗದ ಕೆಲಸ. ರಾತ್ರಿ ಮಾಡಿದ್ದನ್ನು ಗಾಜಿನ ಬಾಟಲಿಗೆ ಕುತ್ತಿಗೆವರೆಗೆ ತುಂಬಿ, ಗಾಳಿಗೆ ಜಾಗ ಬಿಡದೆ, ಅರ್ಧ ನಿಂಬೆಹಣ್ಣು ಹಿಂಡಿ ಕೂಡಲೇ ಫ್ರಿಜ್ಜಿನ ಒಳಭಾಗದಲ್ಲಿಡಿ. ಬಾಗಿಲಿನ ಗೂಡಿನಲ್ಲಿ ಬೇಡ, ಅಲ್ಲಿ ತಂಪು ಕಡಿಮೆ. ಬೆಳಿಗ್ಗೆ ಕುಡಿಯಬಹುದು. ಮೆಜೆಸ್ಟಿಕ್ ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಬ್ಯಾಗಿನಲ್ಲಿ ಬೆಂದದ್ದನ್ನು ಮಧ್ಯಾಹ್ನ ಕುಡಿಯಬೇಡಿ.

ಪ್ರಶ್ನೆ: ಅನಾನಸ್ ಮಿಲ್ಕ್‌ಶೇಕ್ ಪ್ರತಿ ಸಲ ಕಹಿ. ಹಾಲು ಕೆಟ್ಟದ್ದೇ? (ಶಿರಸಿ)

ಉತ್ತರ: ಹಾಲು ಪಾಪ ಏನೂ ಮಾಡಿಲ್ಲ. ಅನಾನಸಿನ ಬ್ರೊಮೆಲೈನ್ ಅನ್ನುವ ಕಿಣ್ವ ಹಾಲಿನ ಪ್ರೋಟೀನನ್ನು ಕತ್ತರಿಸುತ್ತದೆ, ಆ ತುಣುಕುಗಳು ಕಹಿ. ಹಣ್ಣನ್ನು ಸ್ವಲ್ಪ ಸಕ್ಕರೆಯೊಂದಿಗೆ ಕುದಿಸಿ, ಪೂರ್ತಿ ಆರಿಸಿ, ಆಮೇಲೆ ಹಾಲು ಸೇರಿಸಿ.

ಪ್ರಶ್ನೆ: ಮಗುವಿಗೆ ಹತ್ತು ತಿಂಗಳು. ಯಾವ ಜ್ಯೂಸ್ ಕೊಡಲಿ? (ಹಾವೇರಿ)

ಉತ್ತರ: ಯಾವುದೂ ಬೇಡ. ವರ್ಷ ತುಂಬುವವರೆಗೆ ರಸ ಬೇಕಿಲ್ಲ, ಬಾಳೆಹಣ್ಣನ್ನೋ ಬೇಯಿಸಿದ ಸೇಬನ್ನೋ ಕಿವುಚಿ ತಿನ್ನಿಸಿ.

ಪ್ರಶ್ನೆ: ಊರಿಂದ 750 ವ್ಯಾಟ್ ಮಿಕ್ಸಿ ತಂದಿದ್ದೇವೆ. ಇಲ್ಲಿ ಜ್ಯೂಸ್ ಜಾರ್ ಹಾಕಿದರೆ ತಿರುಗಲು ತಿಣುಕುತ್ತದೆ. (ನ್ಯೂಜೆರ್ಸಿ)

ಉತ್ತರ: ನಮ್ಮ ಮಿಕ್ಸಿ 230 ವೋಲ್ಟಿನದು, ಅಲ್ಲಿನ ಸಾಕೆಟ್ಟಿನಲ್ಲಿ ಬರುವುದು 120. ವೋಲ್ಟೇಜ್ ಏರಿಸುವ ಟ್ರಾನ್ಸ್‌ಫಾರ್ಮರ್ ಬೇಕು, ಅದೂ ಮಿಕ್ಸಿಯ ಎರಡು ಪಟ್ಟು, ಅಂದರೆ 1500 ವ್ಯಾಟ್ ಸಾಮರ್ಥ್ಯದ್ದು. ಅದರ ತೂಕಕ್ಕೆ ಕೌಂಟರೇ ಕುಗ್ಗೀತು. ಅಲ್ಲಿನ ಇಂಡಿಯನ್ ಅಂಗಡಿಗಳಲ್ಲಿ 110 ವೋಲ್ಟಿನ ಮಿಕ್ಸಿ ಸಿಗುತ್ತದೆ, ಅದನ್ನು ತಗೊಂಡು ಇದನ್ನು ಊರಿಗೆ ಹೋಗುವವರ ಕೈಯಲ್ಲಿ ಕಳಿಸಿ.

ಪ್ರಶ್ನೆ: ದಿನಾ ಒಂದು ಬಟ್ಟಲು ಹಿಪ್ಪೆ ಉಳಿಯುತ್ತೆ, ಎಸೆಯಲು ಮನಸ್ಸಿಲ್ಲ. (ಮೈಸೂರು)

ಉತ್ತರ: ಕ್ಯಾರೆಟ್ ಹಿಪ್ಪೆಯನ್ನು ಅಕ್ಕಿರೊಟ್ಟಿ ಹಿಟ್ಟಿಗೆ ಹಾಕಿ. ಈರುಳ್ಳಿ, ಸಬ್ಬಸಿಗೆ ಸೊಪ್ಪು, ಹಸಿಮೆಣಸಿನಕಾಯಿ ಎಂದಿನಂತೆ. ರಸ ಹೋಗಿರುವುದರಿಂದ ನೀರು ಒಂದು ಹಿಡಿ ಜಾಸ್ತಿ ಬೇಕಾಗುತ್ತದೆ, ಇಲ್ಲವಾದರೆ ತಟ್ಟುವಾಗ ಅಂಚು ಬಿರಿಯುತ್ತದೆ. ಬೀಟ್‌ರೂಟಿನದು ಚಪಾತಿ ಹಿಟ್ಟಿಗೆ ಆದೀತು, ಮಕ್ಕಳು ಬಣ್ಣ ನೋಡಿ ಎರಡು ಜಾಸ್ತಿ ತಿನ್ನುತ್ತಾರೆ. ಶುಂಠಿ ಹಿಪ್ಪೆ ಚಹಾಕ್ಕೆ. ಮೊಸಂಬಿಯದನ್ನು ಮಾತ್ರ ಗಿಡದ ಬುಡಕ್ಕೇ ಹಾಕಿ, ಅದರ ಕಹಿಯನ್ನು ನಾನು ಒಂದು ಸಲ ಗೊಜ್ಜು ಮಾಡಲು ಹೋಗಿ ನೋಡಿದ್ದೇನೆ.