ಹಿರಿಯಡ್ಕದ ಓದುಗರಿಗೆ: ಪದವಿನಲ್ಲಿ ಸಸಿ ನೆಡುವ ಮುನ್ನ

ಮಾನ್ಯರೇ,

ಕುರುಚಲು ಕಾಡಿನ ಕುರಿತು ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನವನ್ನು ಓದಿ ನೀವು ಬರೆದ ಪತ್ರ ತಲುಪಿದೆ. ನಿಮ್ಮೂರಿನ ಯುವಕ ಮಂಡಲ ಈ ವನಮಹೋತ್ಸವಕ್ಕೆ ಊರ ಪದವಿನಲ್ಲಿ, ಅಂದರೆ ಮುರಕಲ್ಲಿನ ಎತ್ತರದ ಬಯಲಿನಲ್ಲಿ, 500 ಸಸಿಗಳನ್ನು, ಹೆಚ್ಚಿನಂಶ ಅಕೇಶಿಯಾವನ್ನು, ನೆಡಲು ಹೊರಟಿದೆ. ಜೆಸಿಬಿ ತರಿಸಿ ಅರ್ಧದಷ್ಟು ಗುಂಡಿಗಳನ್ನೂ ತೋಡಿಸಿದೆ. ಕಲ್ಲು ಮುಳ್ಳು ಬಿಟ್ಟರೆ ಏನೂ ಇಲ್ಲದ ಬಂಜರು ಹಸುರಾಗುವುದಕ್ಕೆ ಪತ್ರಿಕೆಯ ಆಕ್ಷೇಪವೇಕೆ ಎಂದು ಕೇಳಿದ್ದೀರಿ.

ಹಾರೆ ಇಳಿಯದೆ ಯಂತ್ರ ತರಿಸಬೇಕಾಯಿತು ಎಂಬ ನಿಮ್ಮ ಮಾತಿನಲ್ಲೇ ಉತ್ತರದ ಒಂದು ಪಾಲಿದೆ. ಮುರಕಲ್ಲಿನ (ಲ್ಯಾಟರೈಟ್) ಹಾಸಿನ ಮೇಲಿರುವ ಮಣ್ಣು ಕೆಲವೇ ಅಂಗುಲ. ಮಳೆಗಾಲವಿಡೀ ನೀರಿನಲ್ಲಿ ನೆನೆಯುವ ಆ ನೆಲ ಮಾರ್ಚ್ ಹೊತ್ತಿಗೆ ಕಾದ ಕಾವಲಿಯಾಗುತ್ತದೆ. ಅಂಥಲ್ಲಿ ಬಿರುಕುಗಳಲ್ಲಿ ಬೇರೂರುವ ಕೇಪಳ, ಕುಂಟಲ, ಕರಂಡೆ, ಚೂರಿಮುಳ್ಳುಗಳು, ಅವುಗಳ ನಡುವೆ ಒಂದು ಕಾಲಕ್ಕೆ ನಮ್ಮ ಮನೆಗಳ ಮಾಡಿಗೆ ಹೊದೆಸುತ್ತಿದ್ದ ಮುಳಿಹುಲ್ಲು, ಇವೇ ಆ ನೆಲದ ಪೂರ್ಣ ಬೆಳೆ. ಅದು ಅರ್ಧಕ್ಕೆ ನಿಂತ ಕಾಡಲ್ಲ.

ಆಗಸ್ಟಿನಲ್ಲಿ ಮಳೆ ಹೊಳವಾದ ಹೊತ್ತು ಅಲ್ಲಿ ಮೊಣಕಾಲೂರಿ ನೋಡಬೇಕು. ಅಂಗೈ ಆಳದ ನೀರಿನ ಅಂಚಿನಲ್ಲಿ ಡ್ರೋಸೆರಾ ಗಿಡದ ಎಲೆಯ ಪ್ರತಿ ಕೂದಲಿನ ತುದಿಗೂ ಒಂದೊಂದು ಅಂಟು ಹನಿ ಇರುತ್ತದೆ, ಆ ಹನಿಗೆ ಸಿಕ್ಕಿಬಿದ್ದ ನುಸಿಯೂ ಇರುತ್ತದೆ. ಮುರಕಲ್ಲಿನ ಮಣ್ಣಿನಲ್ಲಿ ಸಾರಜನಕ ಕಡಿಮೆ. ಅದನ್ನು ಗಿಡ ಕೀಟದಿಂದ ಪಡೆಯುತ್ತದೆ. ನಿಮಗೆ ತೀರ ಹತ್ತಿರದ ಮಣಿಪಾಲದ ಇಂಥದೇ ಮುರಕಲ್ಲಿನ ನೆಲದಲ್ಲಿ ಸಿಕ್ಕಿದ, ಸುಮಾರು 1.6 ಸೆಂಟಿಮೀಟರ್ ಉದ್ದದ ಕಪ್ಪೆಯೊಂದನ್ನು 2016ರಲ್ಲಿ ಹೊಸ ಪ್ರಭೇದವೆಂದು ವಿವರಿಸಿ, ಆ ಕಲ್ಲಿನ ಹೆಸರನ್ನೇ ಸೇರಿಸಿ ಮೈಕ್ರೋಹೈಲಾ ಲ್ಯಾಟರೈಟ್ ಎಂದು ಕರೆದರು. ಅದರ ಕೂಗು ಜೀರುಂಡೆಯದೆಂದೇ ಭ್ರಮೆ ಹುಟ್ಟಿಸುವುದರಿಂದ ನಿಮ್ಮಲ್ಲಿ ಯಾರಾದರೂ ಅದನ್ನು ಕೇಳಿಯೂ ಗುರುತಿಸದೆ ಹೋಗಿರಬಹುದು. ಇದೆಲ್ಲ ಬಿಸಿಲು ಬೀಳುವ ಬಯಲಿನ ಬದುಕು. ಅಕೇಶಿಯಾದ ನೆರಳು ಕವಿದು, ಅದರ ನಿಧಾನಕ್ಕೆ ಕೊಳೆಯುವ ದಪ್ಪ ತರಗೆಲೆ ನೆಲ ಮುಚ್ಚಿದರೆ ಉಳಿಯುವುದಿಲ್ಲ.

ಪೊದೆಗಳ ನೆಲಕ್ಕೆ ಹೊರಗಿನ ಮರ ಬಂದರೆ ಏನಾಗುತ್ತದೆಂಬುದಕ್ಕೆ ದೂರದ ಒಂದು ಉದಾಹರಣೆಯಿದೆ. ದಕ್ಷಿಣ ಆಫ್ರಿಕದ ಕೇಪ್ ಪ್ರಾಂತದ ಪೊದೆಗಾಡಿಗೆ ಫೈನ್‌ಬೋಸ್ ಎಂದು ಹೆಸರು. ಆ ದೇಶದ ಕ್ರಿಕೆಟ್ ತಂಡಕ್ಕೆ ಹೆಸರು ಕೊಟ್ಟ ಪ್ರೋಟಿಯಾ ಅಲ್ಲಿನದೇ ಪೊದೆ. ಸುಮಾರು 9,000 ಸಸ್ಯ ಪ್ರಭೇದಗಳಿರುವ, ಅವುಗಳಲ್ಲಿ ಮೂರರಲ್ಲಿ ಎರಡು ಪಾಲು ಬೇರೆಲ್ಲೂ ಕಾಣಸಿಗದ ಆ ಪ್ರದೇಶದ ಬೆಟ್ಟಗಳಿಗೆ ಹೊರಗಿನಿಂದ ತಂದ ಪೈನ್, ಅಕೇಶಿಯಾ ಮರಗಳು ಹಬ್ಬಿ ತೊರೆಗಳ ನೀರನ್ನು ಇಳಿಸಿದವು. ಅವನ್ನು ಕಡಿದು ತೆಗೆಯಲು ಅಲ್ಲಿನ ಸರಕಾರ 1995ರಿಂದ ಕೂಲಿ ಕೊಟ್ಟು ಜನರನ್ನು ನೇಮಿಸುತ್ತಿದೆ. ಬೆಂಕಿಯಿಂದ ಫೈನ್‌ಬೋಸ್ ಮತ್ತೆ ಚಿಗುರುತ್ತದೆಂಬುದು ನಿಜ, ಆದರೆ ಅದನ್ನು ನೆಪ ಮಾಡಿಕೊಂಡು ನಮ್ಮ ಗುಡ್ಡೆಗಳಿಗೆ ಬೇಸಗೆಯಲ್ಲಿ ಬೆಂಕಿ ಇಡುವುದು ಸಲ್ಲದು.

ನಮ್ಮಲ್ಲಿ ಸರಕಾರದ ಪಾಳುಭೂಮಿ ನಕಾಶೆಗಳೇ ಕುರುಚಲು ನೆಲವನ್ನು ಪಾಳು ಎಂದು ಎಣಿಸುತ್ತ ಬಂದಿರುವಾಗ ಯುವಕ ಮಂಡಲವನ್ನು ದೂರುವುದು ನ್ಯಾಯವಲ್ಲ.

ಹಾಗೆಂದು ಕುರುಚಲೆಲ್ಲ ಒಂದೇ ಬಗೆಯದೂ ಅಲ್ಲ. ಪದವಿನ ಇಳಿಜಾರಿನಲ್ಲಿ ಮಣ್ಣು ಆಳವಾಗಿದ್ದು, ಕಡಿದ ಬೋಗಿ, ಮತ್ತಿ ಮರಗಳ ಬುಡ ಚಿಗುರುತ್ತಿದ್ದರೆ ಅದು ಕಾಡು ಕಳೆದುಕೊಂಡ ಜಾಗ. ಅಲ್ಲಿ ದನ, ಕತ್ತಿ, ಬೆಂಕಿ ತಾಗದಂತೆ ಕೆಲವು ವರ್ಷ ಕಾದರೆ ಕಾಡು ತಾನಾಗಿ ಏಳುತ್ತದೆ. ಮಾವು, ಹಲಸು ನೆಡಬೇಕೆಂದಿದ್ದರೆ ಅಲ್ಲಿ, ಶಾಲೆಯ ಅಂಗಳದಲ್ಲಿ, ತೋಡಿನ ಬದಿಯಲ್ಲಿ, ರಸ್ತೆಯ ಅಂಚಿನಲ್ಲಿ ನೆಡಿ; ಅಕೇಶಿಯಾವನ್ನು ಮಾತ್ರ ಎಲ್ಲಿಯೂ ಬೇಡ.

ತೋಡಿದ ಗುಂಡಿಗಳಿಗೆ ಹೊರಗಿನ ಮಣ್ಣು ತಂದು ಸುರಿಯಬೇಡಿ. ಪಕ್ಕದಲ್ಲಿ ರಾಶಿ ಬಿದ್ದಿರುವ ಅದೇ ಕಲ್ಲುಪುಡಿಯನ್ನು ಮರಳಿ ತುಂಬಿಸಿ, ಈ ಮಳೆಗಾಲ ಕಳೆಯುವವರೆಗೆ ಯಂತ್ರವನ್ನು ಮೇಲಕ್ಕೆ ಹತ್ತಿಸದಿರಿ. ಆಗಸ್ಟಿನಲ್ಲಿ ಮಂಡಲದವರು ಅಲ್ಲಿ ಏನೇನು ಕಂಡರೆಂದು ಬರೆದು ಕಳುಹಿಸಿದರೆ ಈ ಅಂಕಣದಲ್ಲೇ ಪ್ರಕಟಿಸುತ್ತೇವೆ.

– ಸಂಪಾದಕ