ಲಿಂಕ್ ಆದ ಪ್ರೋಗ್ರಾಂ ಬೋರ್ಡಿನಲ್ಲಿ ಓಡದಿದ್ದರೆ

ಪ್ರಶ್ನೆ: ಎಸ್‌ಟಿಎಂ32ಎಫ್407 ಮೈಕ್ರೋಕಂಟ್ರೋಲರ್ ಬೋರ್ಡಿಗಾಗಿ ಫ್ರೀಆರ್‌ಟಿಒಎಸ್ (ಪುಟ್ಟ ರಿಯಲ್-ಟೈಮ್ ಆಪರೇಟಿಂಗ್ ಸಿಸ್ಟಂ) ಬಳಸಿ ಎರಡು ಟಾಸ್ಕ್‌ಗಳ ಪ್ರೋಗ್ರಾಂ ಬರೆದಿದ್ದೇನೆ. ಜಿಸಿಸಿ ಕಂಪೈಲರ್‌ನಲ್ಲಿ ಎರರ್ ಇರಲಿ, ಒಂದು ವಾರ್ನಿಂಗ್ ಕೂಡ ಬರುವುದಿಲ್ಲ. ಆದರೆ ಟಾಸ್ಕ್‌ಗಳ ಸರದಿ ನಿರ್ಧರಿಸುವ ಶೆಡ್ಯೂಲರ್ ಶುರುವಾಗುತ್ತಿದ್ದಂತೆ ಎಲ್ಲವೂ ನಿಂತುಬಿಡುತ್ತದೆ; ಡಿಬಗ್ಗರ್‌ನಲ್ಲಿ ನೋಡಿದರೆ ಪ್ರೊಸೆಸರ್ ಡಿಫಾಲ್ಟ್ ಹ್ಯಾಂಡ್ಲರ್‌ನಲ್ಲಿ ಸುತ್ತುತ್ತಿರುತ್ತದೆ. ಕಂಪೈಲರ್‌ನ ದೋಷವೇ?

— ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿನಿ

ಉತ್ತರ: ಕಂಪೈಲರ್ ಇಲ್ಲಿ ನಿರಪರಾಧಿ. ನಿಮ್ಮ ಚಿಪ್ಪಿನ ಪ್ರೊಸೆಸರ್ ಆದ ಕಾರ್ಟೆಕ್ಸ್-ಎಂ4 ಮೇಲೆ ಫ್ರೀಆರ್‌ಟಿಒಎಸ್ ಮೂರು ಎಕ್ಸೆಪ್ಷನ್‌ಗಳನ್ನು (ಓಡುತ್ತಿರುವ ಕೆಲಸ ತಡೆದು ‘ಹ್ಯಾಂಡ್ಲರ್’ ಎಂಬ ನಿಗದಿತ ಫಂಕ್ಷನ್‌ಗೆ ಹಾರಿಸುವ ಘಟನೆಗಳು) ನೆಚ್ಚಿಕೊಂಡಿದೆ: ಮೊದಲ ಟಾಸ್ಕನ್ನು ಹೊರಡಿಸಲು ಎಸ್‌ವಿಸಿ, ಟಾಸ್ಕ್ ಬದಲಿಸಲು ಪೆಂಡ್‌ಎಸ್‌ವಿ, ಸಮಯದ ಲೆಕ್ಕಕ್ಕೆ ಸಿಸ್‌ಟಿಕ್. ಇವುಗಳ ಹ್ಯಾಂಡ್ಲರ್‌ಗಳಿಗೆ ಫ್ರೀಆರ್‌ಟಿಒಎಸ್‌ನ ಪೋರ್ಟ್ ಫೈಲ್ (ಆಯಾ ಪ್ರೊಸೆಸರ್‌ಗೆ ಹೊಂದಿಸಿದ ಭಾಗ) ತನ್ನದೇ ಹೆಸರಿಟ್ಟಿರುತ್ತದೆ. ಸ್ಟಾರ್ಟ್‌ಅಪ್ ಫೈಲಿನ ವೆಕ್ಟರ್ ಟೇಬಲ್ (ಹ್ಯಾಂಡ್ಲರ್‌ಗಳ ವಿಳಾಸಪಟ್ಟಿ) ಹುಡುಕುವ ಹೆಸರುಗಳೇ ಬೇರೆ. ಆ ಹೆಸರುಗಳನ್ನು ಸ್ಟಾರ್ಟ್‌ಅಪ್ ಫೈಲ್ ‘ವೀಕ್’ (ಬೇರೆಡೆ ಅದೇ ಹೆಸರಿನ ಫಂಕ್ಷನ್ ಇದ್ದರೆ ಜಾಗ ಬಿಟ್ಟುಕೊಡುವಂಥದ್ದು) ಎಂದು ಘೋಷಿಸಿ, ಸುಮ್ಮನೆ ಅನಂತ ಲೂಪಿನಲ್ಲಿ ಸುತ್ತುವ ಡಿಫಾಲ್ಟ್ ಹ್ಯಾಂಡ್ಲರ್‌ಗೆ ಕಟ್ಟಿರುವುದರಿಂದ, ನಿಜವಾದ ಹ್ಯಾಂಡ್ಲರ್ ಸಿಗದಿದ್ದರೂ ಕಂಪೈಲ್ ಆದ ಫೈಲ್‌ಗಳನ್ನು ಜೋಡಿಸುವ ಲಿಂಕರ್ ತಕರಾರು ಮಾಡದೆ ಆ ಅನಂತ ಲೂಪಿನ ವಿಳಾಸವನ್ನೇ ಟೇಬಲ್‌ಗೆ ತುಂಬಿಸುತ್ತದೆ. ಶೆಡ್ಯೂಲರ್ ಎಸ್‌ವಿಸಿ ಕರೆದ ಕ್ಷಣ ನೀವು ಅಲ್ಲಿ ಸಿಕ್ಕಿಬೀಳುತ್ತೀರಿ.

ಅನುಮಾನವಿದ್ದರೆ ಯಾವ ಹೆಸರು ಯಾವ ವಿಳಾಸದಲ್ಲಿದೆ ಎಂದು ತೋರಿಸುವ, ಲಿಂಕರ್ ಕೊಡುವ ಮ್ಯಾಪ್ ಫೈಲ್ ತೆರೆಯಿರಿ. ಎಸ್‌ವಿಸಿ ಹ್ಯಾಂಡ್ಲರ್ ಮತ್ತು ಡಿಫಾಲ್ಟ್ ಹ್ಯಾಂಡ್ಲರ್ ಎರಡಕ್ಕೂ ಒಂದೇ ವಿಳಾಸ ಕಂಡರೆ ರೋಗ ಇದೇ. ಫ್ರೀಆರ್‌ಟಿಒಎಸ್‌ನ ಕಾನ್ಫಿಗ್ ಹೆಡರ್‌ನಲ್ಲಿ ಮೂರು ಡಿಫೈನ್ ಸಾಲು ಸೇರಿಸಿ, ಪೋರ್ಟ್ ಫೈಲಿನ ಹೆಸರುಗಳಿಗೆ ವೆಕ್ಟರ್ ಟೇಬಲ್‌ನ ಹೆಸರುಗಳನ್ನು ಕೊಟ್ಟರೆ ಸಾಕು. ಆಮೇಲೆ ‘ಮಲ್ಟಿಪಲ್ ಡೆಫಿನಿಷನ್’ ಎಂಬ ಎರರ್ ಬಂದರೆ ಗಾಬರಿ ಬೇಡ. ಕೋಡ್ ಜನರೇಟರ್ ಬರೆದಿಟ್ಟ ಇಂಟರಪ್ಟ್ ಫೈಲಿನಲ್ಲಿ ಅದೇ ಹೆಸರಿನ ಖಾಲಿ ಫಂಕ್ಷನ್‌ಗಳಿರುತ್ತವೆ, ಅವನ್ನು ತೆಗೆಯಿರಿ. ಆದರೆ ಸಿಸ್‌ಟಿಕ್ ಫಂಕ್ಷನ್ ಒಳಗೆ ತಯಾರಕರ ಲೈಬ್ರರಿಯ ಗಡಿಯಾರವೂ ನಡೆಯುತ್ತಿದ್ದರೆ, ಆ ಲೈಬ್ರರಿಗೆ ಮೊದಲು ಬೇರೊಂದು ಟೈಮರ್ ಒದಗಿಸಬೇಕಾಗುತ್ತದೆ.

ಫ್ಲೋಟಿಂಗ್ ಪಾಯಿಂಟ್ (ದಶಮಾಂಶ ಸಂಖ್ಯೆಗಳ ಲೆಕ್ಕ) ಆಯ್ಕೆಯ ಬಗ್ಗೆ ನೀವು ಚಿಂತಿಸಬೇಕಿಲ್ಲ. ಎಂ4ಎಫ್ (ಫ್ಲೋಟಿಂಗ್ ಪಾಯಿಂಟ್ ಘಟಕವಿರುವ ಎಂ4) ಪೋರ್ಟನ್ನು ಹಾರ್ಡ್‌ವೇರ್ ಫ್ಲೋಟ್ ಇಲ್ಲದೆ ಕಂಪೈಲ್ ಮಾಡಹೊರಟರೆ ಅದು ಅಲ್ಲೇ ಎರರ್ ಕೊಟ್ಟು ನಿಲ್ಲುತ್ತದೆ. ಹೀಗೆ ಬಾಯಿಬಿಟ್ಟು ಹೇಳುವ ತಪ್ಪುಗಳು, ನನ್ನ ಮಟ್ಟಿಗೆ, ತಪ್ಪುಗಳೇ ಅಲ್ಲ.

ಬಾಯಿಬಿಡದ ಇನ್ನೊಂದಿದೆ: ಟಾಸ್ಕ್ ಸೃಷ್ಟಿಸುವಾಗ ಕೊಡುವ ಸ್ಟಾಕ್ (ಟಾಸ್ಕಿನ ಕೆಲಸದ ಮೆಮೊರಿ) ಅಳತೆ ಈ ಪೋರ್ಟಿನಲ್ಲಿ ಬೈಟ್‌ಗಳಲ್ಲಲ್ಲ, ನಾಲ್ಕು ಬೈಟ್‌ಗಳ ವರ್ಡ್‌ಗಳಲ್ಲಿದೆ. 128 ಎಂದರೆ 512 ಬೈಟ್. ಟಾಸ್ಕಿನೊಳಗೆ ಪ್ರಿಂಟ್‌ಎಫ್ ಕರೆಯುವುದಿದ್ದರೆ ಅಷ್ಟು ಸಾಲದೆ ಹೋಗಬಹುದು. ಸ್ಟಾಕ್ ಓವರ್‌ಫ್ಲೋ ತಪಾಸಣೆಯನ್ನು ಕಾನ್ಫಿಗ್ ಹೆಡರ್‌ನಲ್ಲಿ 2ಕ್ಕೆ ಇಟ್ಟು, ಅದಕ್ಕೆ ಬೇಕಾದ ಹುಕ್ ಫಂಕ್ಷನನ್ನು (ಓವರ್‌ಫ್ಲೋ ಕಂಡಾಗ ಫ್ರೀಆರ್‌ಟಿಒಎಸ್ ಕರೆಯುವಂಥದ್ದು) ಬರೆದುಕೊಂಡೇ ಮುಂದುವರಿಯಿರಿ.