ಎರಡು ಜಿಲ್ಲೆಯ 2024ರ ಏಪ್ರಿಲ್‌ನಿಂದ ಈಚಿನ ದಾಖಲೆ ಕೇಳಿದರೆ ಹಳೆಯದೂ ಬರುತ್ತಿದೆ, ಫಿಲ್ಟರ್‌ನಲ್ಲಿ ಏನು ತಪ್ಪು?

ನೀವು ಹಾಲು ಸಂಗ್ರಹದ ದಾಖಲೆಗಳನ್ನು ಓಡೇಟಾ ಎಪಿಐನಿಂದ (ವೆಬ್ ವಿಳಾಸದಲ್ಲೇ ಶರತ್ತು ಬರೆದು ಸರ್ವರ್‌ನಿಂದ ದಾಖಲೆ ಕೇಳುವ ವ್ಯವಸ್ಥೆ) ತೆಗೆಯುತ್ತಿದ್ದೀರಿ. ಹಾಸನ, ಮಂಡ್ಯ ಎರಡರದ್ದೂ ಬೇಕು, 2024ರ ಏಪ್ರಿಲ್ 1ರಿಂದ ಈಚಿನದು ಮಾತ್ರ ಸಾಕು. ಮಂಡ್ಯದ್ದು ಸರಿಯಾಗಿದೆ, ಹಾಸನದ್ದು ಹಿಂದಿನ ವರ್ಷಗಳದ್ದೂ ಬಂದು ಬೀಳುತ್ತಿದೆ ಅಂದಿದ್ದೀರಿ. ಡೇಟಾ ಕೆಟ್ಟಿಲ್ಲ, ಬ್ರಾಕೆಟ್ ಬಿಟ್ಟುಹೋಗಿದೆ.

ನಿಮ್ಮ ಫಿಲ್ಟರನ್ನು ಓದಲು ಅನುಕೂಲವಾಗಲಿ ಅಂತ ಕನ್ನಡ ಅಕ್ಷರದಲ್ಲೇ ಬರೆಯುತ್ತೇನೆ, ಟೈಪ್ ಮಾಡುವಾಗ ಇಂಗ್ಲಿಷಿನಲ್ಲೇ ಇರಲಿ:

ಡಿಸ್ಟ್ರಿಕ್ಟ್ ಇಕ್ಯೂ 'ಹಾಸನ' ಆರ್ ಡಿಸ್ಟ್ರಿಕ್ಟ್ ಇಕ್ಯೂ 'ಮಂಡ್ಯ' ಆಂಡ್ ಟೈಮ್ ಜಿಇ 2024-04-01ಟಿ00:00:00ಝಡ್

ಇಲ್ಲಿ ‘ಇಕ್ಯೂ’ ಅಂದರೆ ಸಮ, ‘ಜಿಇ’ ಅಂದರೆ ಅಷ್ಟೇ ಅಥವಾ ಹೆಚ್ಚು, ‘ಆರ್’ ಅಂದರೆ ಅಥವಾ, ‘ಆಂಡ್’ ಅಂದರೆ ಮತ್ತು. ಲೆಕ್ಕದಲ್ಲಿ ಕೂಡುವುದಕ್ಕಿಂತ ಮೊದಲು ಗುಣಿಸುತ್ತೇವಲ್ಲ, ಹಾಗೆಯೇ ಇಲ್ಲಿ ‘ಆರ್’ಗಿಂತ ಮೊದಲು ‘ಆಂಡ್’. ಸರ್ವರ್‌ಗೆ ಕೇಳಿಸುವುದು ಹೀಗೆ: ಹಾಸನದ್ದು ಎಷ್ಟಿದೆಯೋ ಅಷ್ಟೂ ಕೊಡು, ಮಂಡ್ಯದ್ದಾದರೆ ಮಾತ್ರ ತಾರೀಖು ನೋಡಿ ಕೊಡು. ಎರಡು ಜಿಲ್ಲೆಯ ಶರತ್ತನ್ನೂ ಒಂದೇ ಬ್ರಾಕೆಟ್‌ನೊಳಗೆ ಹಾಕಿ, ಸರಿಹೋಗುತ್ತದೆ. ನಿಮ್ಮ ಸರ್ವರ್ ಓಡೇಟಾ 4.01 ಆವೃತ್ತಿಯ ‘ಇನ್’ ಒಪ್ಪುವುದಾದರೆ ಡಿಸ್ಟ್ರಿಕ್ಟ್ ಇನ್ ('ಹಾಸನ','ಮಂಡ್ಯ') ಅಂತ ಬರೆಯಬಹುದು, ಆಗ ‘ಆರ್’ ಗೊಡವೆಯೇ ಇಲ್ಲ.

ನೀವು ಕೇಳದೇ ಇದ್ದರೂ ಆ ಕೊನೆಯ ‘ಝಡ್’ ಬಗ್ಗೆ ಹೇಳಲೇಬೇಕು. ಝಡ್ ಅಂದರೆ ಯುಟಿಸಿ, ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಹಾಗಾಗಿ ನೀವು ಬರೆದದ್ದು ನಮ್ಮ ಲೆಕ್ಕದಲ್ಲಿ ಏಪ್ರಿಲ್ 1ರ ಬೆಳಿಗ್ಗೆ 5:30ರಿಂದ ಶುರು. ನಾನು ಹಿಂದೆ ಇದ್ದ ಕೆಲಸದಲ್ಲಿ ಇದೇ ತಪ್ಪು ಮಾಡಿದ್ದೆ. ಒಂದು ಸಂಗ್ರಹ ಕೇಂದ್ರದ ಕಾರ್ಯದರ್ಶಿ ಫೋನ್ ಮಾಡಿ, “ಸಾರ್, ಒಂದನೇ ತಾರೀಖು ಬೆಳಿಗ್ಗೆ ಮೊದಲು ಹಾಲು ಹಾಕಿದವರ ಹೆಸರೇ ಇಲ್ಲವಲ್ಲ” ಅಂದರು. ತೆಗೆದು ನೋಡಿದರೆ 5:10, 5:18, 5:26ರ ನಮೂದುಗಳು ಕಾಣೆ, 5:31ರಿಂದ ಎಲ್ಲ ಇದೆ. ಎಲ್ಲರಿಗಿಂತ ಮೊದಲೆದ್ದು ಕ್ಯಾನ್ ಹೊತ್ತು ಬಂದವರ ದುಡ್ಡೇ ಬಿಲ್ಲಿನಿಂದ ಬಿಟ್ಟುಹೋಗಿತ್ತು. ಅವತ್ತಿನ ಸಂಕಟ ನನಗೆ ಈಗಲೂ ಹೋಗಿಲ್ಲ.

ಸರಿಯಾದ ಆರಂಭ 2024-03-31ಟಿ18:30:00ಝಡ್. ಕೊನೆಯ ತಾರೀಖಿಗೂ ಇದೇ ಲೆಕ್ಕ, ಮತ್ತು ಅಲ್ಲಿ ‘ಎಲ್‌ಇ’ (ಅಷ್ಟೇ ಅಥವಾ ಕಡಿಮೆ) ಬೇಡ, ಮರುದಿನದ ಆರಂಭಕ್ಕೆ ‘ಎಲ್‌ಟಿ’ (ಅದಕ್ಕಿಂತ ಕಡಿಮೆ) ಹಾಕಿ. ಝಡ್ ಬದಲು +05:30 ಅಂತಲೂ ಬರೆಯಬಹುದು, ಆದರೆ ಯುಆರ್‌ಎಲ್‌ನಲ್ಲಿ ಪ್ಲಸ್ ಚಿಹ್ನೆಯನ್ನು ಬಹಳಷ್ಟು ಸರ್ವರ್‌ಗಳು ಖಾಲಿ ಜಾಗ ಅಂತ ಓದಿ ಎರರ್ ಕೊಡುತ್ತವೆ. ಪ್ಲಸ್ ಇರುವ ಕಡೆ %2ಬಿ ಹಾಕಬೇಕು. ಹೆಸರಿನಲ್ಲಿ ‘&’ ಇದ್ದರೆ ಅದಕ್ಕೆ %26, ಇಲ್ಲದಿದ್ದರೆ ಫಿಲ್ಟರ್ ಅಲ್ಲಿಗೇ ತುಂಡಾಗುತ್ತದೆ.

ಫಿಲ್ಟರ್ ಉದ್ದವಾದಾಗ ಇಡಿಯಾಗಿ ದಿಟ್ಟಿಸಿ ನೋಡಿದರೆ ತಪ್ಪು ಕಣ್ಣಿಗೆ ಬೀಳುವುದಿಲ್ಲ. ವಿಳಾಸದಲ್ಲಿ ಟೇಬಲ್ ಹೆಸರಾದ ಕೂಡಲೇ /$ಕೌಂಟ್ ಸೇರಿಸಿ, ಒಂದೊಂದೇ ಶರತ್ತು ಕೊಟ್ಟು ಎಷ್ಟು ದಾಖಲೆ ಬರುತ್ತವೆ ಅಂತ ಕಾಗದದ ಮೇಲೆ ಬರೆದುಕೊಳ್ಳಿ. ಹಾಸನದ್ದೆಷ್ಟು, ಮಂಡ್ಯದ್ದೆಷ್ಟು, ಆಮೇಲೆ ಎರಡೂ ಸೇರಿ ಎಷ್ಟು. ಕೂಡಿದರೆ ತಾಳೆಯಾಗಬೇಕು. ಫ್ಯಾಟ್ 3.5ಕ್ಕಿಂತ ಹೆಚ್ಚಿನದು, 3.5 ಅಥವಾ ಕಡಿಮೆಯದು ಅಂತ ಎರಡು ಎಣಿಕೆ ತೆಗೆದಾಗ ಮೊತ್ತ ಒಟ್ಟು ದಾಖಲೆಗಿಂತ ಕಡಿಮೆ ಬಂದರೆ ಗಾಬರಿಯಾಗಬೇಡಿ. ಫ್ಯಾಟ್ ನಮೂದಾಗದ ಕಡೆ ‘ನಲ್’ (ಬೆಲೆಯೇ ಇಲ್ಲದ ಖಾಲಿ) ಇರುತ್ತದೆ, ‘ಜಿಟಿ’ಗೂ (ಅದಕ್ಕಿಂತ ಹೆಚ್ಚು) ‘ಎಲ್‌ಇ’ಗೂ ಅದು ಸಿಗುವುದಿಲ್ಲ. ಅವೂ ಬೇಕಿದ್ದರೆ ‘ಆರ್ ಫ್ಯಾಟ್ ಇಕ್ಯೂ ನಲ್’ ಅಂತ ಸೇರಿಸಿ, ಬ್ರಾಕೆಟ್ ಸಮೇತ.